ಓಡಿದ ಇಲಿಗೂ ಭಯವಾಗಿತ್ತು: ಅಪಾಯದೆದುರು ಗಂಡು, ಹೆಣ್ಣು ಮಿದುಳುಗಳ ನಡೆ

ಭಯದ ಬಗ್ಗೆ ನರವಿಜ್ಞಾನ ಇಂದು ಹೇಳುವುದರಲ್ಲಿ ಬಹುಪಾಲು ಒಂದೇ ಅಳತೆಯ ಮೇಲೆ ನಿಂತಿದೆ: ಇಲಿ ಎಷ್ಟು ಹೊತ್ತು ಅಲ್ಲಾಡದೆ ಇತ್ತು ಎಂಬುದು. ಪ್ರಯೋಗ ಸರಳ. ನೆಲದಲ್ಲಿ ಉಕ್ಕಿನ ಸರಳುಗಳಿರುವ ಪೆಟ್ಟಿಗೆಗೆ ಇಲಿಯನ್ನು ಬಿಡುತ್ತಾರೆ. ಸುಮಾರು 30 ಸೆಕೆಂಡು ಒಂದೇ ಸ್ವರ ಕೇಳಿಸುತ್ತದೆ. ಅದು ಮುಗಿಯುವ ಹೊತ್ತಿಗೆ ಸರಳುಗಳಲ್ಲಿ ಅರ್ಧ ಸೆಕೆಂಡು 0.7 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಹರಿಯುತ್ತದೆ. ಐದರಿಂದ ಏಳು ಸಲ ಹೀಗಾದರೆ ಸಾಕು, ಆಮೇಲೆ ಬರೀ ಸ್ವರ ಕೇಳಿದರೂ ಇಲಿ ಉಸಿರಾಟವೊಂದನ್ನು ಬಿಟ್ಟು ಮಿಕ್ಕೆಲ್ಲ ಚಲನೆ ನಿಲ್ಲಿಸಿ ಕಲ್ಲಿನಂತೆ ಕೂರುತ್ತದೆ. ಕ್ಯಾಮೆರಾಕ್ಕೆ ಜೋಡಿಸಿದ ಸಾಫ್ಟ್‌ವೇರ್ ಇದನ್ನು ಲೆಕ್ಕ ಹಾಕುತ್ತದೆ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಿತ್ರದಲ್ಲಿ ಬದಲಾವಣೆ ಕಾಣದಿದ್ದರೆ ಅದು ‘ಸ್ತಬ್ಧ’. ಸ್ವರದ ಅವಧಿಯಲ್ಲಿ ಶೇಕಡಾ 70 ಭಾಗ ಸ್ತಬ್ಧವಾಗಿದ್ದರೆ ಭಯದ ನೆನಪು ಗಟ್ಟಿ, ಶೇಕಡಾ 20 ಇದ್ದರೆ ದುರ್ಬಲ.

ಈ ಲೆಕ್ಕದಲ್ಲಿ ಓಡುವ ಇಲಿಗೆ ಜಾಗವೇ ಇಲ್ಲ. ಸ್ವರ ಕೇಳಿದ ಕೂಡಲೇ ಪೆಟ್ಟಿಗೆಯ ಈ ಮೂಲೆಯಿಂದ ಆ ಮೂಲೆಗೆ ಹಾರಿದ ಇಲಿಯನ್ನು ಸಾಫ್ಟ್‌ವೇರ್ ‘ಸ್ತಬ್ಧವಲ್ಲ’ ಎಂದು ಬರೆದುಕೊಳ್ಳುತ್ತದೆ. ಸಂಶೋಧಕರು ಅದನ್ನು ‘ಹೆದರಿಲ್ಲ’ ಎಂದೋ ‘ಕಲಿತಿಲ್ಲ’ ಎಂದೋ ಓದುತ್ತಾರೆ. ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಕಡಿಮೆ ಸ್ತಬ್ಧವಾಗುತ್ತವೆ ಎಂಬ ವರದಿಗಳು ಹಿಂದೆಯೂ ಬಂದಿದ್ದವು. ಹೆಣ್ಣಿನಲ್ಲಿ ಭಯದ ಕಲಿಕೆ ದುರ್ಬಲ ಎಂಬ ತೀರ್ಮಾನಕ್ಕೆ ಅಷ್ಟೇ ಸಾಕಾಗಿತ್ತು. ಆದರೆ ಪೆಟ್ಟು ತಪ್ಪಿಸಲು ಇಲಿ ಎದ್ದು ಇನ್ನೊಂದು ಕೋಣೆಗೆ ದಾಟಬೇಕಾದ ಪ್ರಯೋಗಗಳಲ್ಲಿ ಹೆಣ್ಣಿಲಿಗಳೇ ಬೇಗ ಕಲಿಯುತ್ತಿದ್ದವು. ಒಂದು ಪ್ರಯೋಗದಲ್ಲಿ ದಡ್ಡಿ, ಇನ್ನೊಂದರಲ್ಲಿ ಜಾಣೆ. ಈ ವಿರೋಧಾಭಾಸ ದಶಕಗಳ ಕಾಲ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ, ಏಕೆಂದರೆ ಪ್ರಯೋಗಾಲಯಗಳಲ್ಲಿ ಹೆಣ್ಣಿಲಿಗಳೇ ಅಪರೂಪ. ಅನ್ನಾಲೀಸ್ ಬೀರಿ ಮತ್ತು ಅರ್ವಿಂಗ್ ಝಕರ್ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿ ಬಳಸಿದ ಅಧ್ಯಯನಗಳಲ್ಲಿ ಗಂಡು ಮಾತ್ರ ಬಳಸಿದವು 5.5 ಇದ್ದರೆ ಹೆಣ್ಣು ಮಾತ್ರ ಬಳಸಿದ್ದು 1.

ಬೆಂಗಳೂರಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನಾದ್ಯಂತ ಇಂದಿಗೂ ಉಲ್ಲೇಖವಾಗುತ್ತದೆ. ದಿನಕ್ಕೆರಡು ಗಂಟೆಯಂತೆ ಹತ್ತು ದಿನ ಇಲಿಯನ್ನು ಅಲ್ಲಾಡಲಾಗದಂತೆ ಹಿಡಿದಿಟ್ಟರೆ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕವಲುಗಳು ಮೊಟಕಾಗುತ್ತವೆ, ಭಯದ ಕೇಂದ್ರವಾದ ಅಮಿಗ್ಡಾಲಾದ ಕವಲುಗಳು ಮಾತ್ರ ಇನ್ನಷ್ಟು ಹರಡುತ್ತವೆ ಎಂದು ಅದು ತೋರಿಸಿತು. ಆ ಇಲಿಗಳೂ ಗಂಡೇ. ಆ ತಂಡವನ್ನು ದೂರಲು ಇದನ್ನು ಹೇಳುತ್ತಿಲ್ಲ, ಆ ಕಾಲದ ರೂಢಿಯೇ ಹಾಗಿತ್ತು. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ ಕೂಡ ‘ಲಿಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ’ ಎಂಬ ನಿಯಮವನ್ನು ಅನುದಾನಕ್ಕೆ ಜೋಡಿಸಿದ್ದು 2016ರಲ್ಲಿ.

ಓಟವನ್ನು ಲೆಕ್ಕಕ್ಕೆ ತಂದ ಪ್ರಯೋಗ

ಬೋಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ರೆಬೆಕಾ ಶಾನ್ಸ್ಕಿ ಅವರ ತಂಡ 2015ರಲ್ಲಿ ಒಂದು ಸಣ್ಣ ಕೆಲಸ ಮಾಡಿತು. ಪ್ರಯೋಗ ಹಳೆಯದೇ, ಆದರೆ ವಿಡಿಯೊದಿಂದ ಸ್ತಬ್ಧತೆಯ ಜೊತೆಗೆ ವೇಗವನ್ನೂ ಅಳೆಯಿತು. ಸ್ವರ ಕೇಳಿಸುತ್ತಿರುವಾಗ ಇಲಿ ಸೆಕೆಂಡಿಗೆ 23.5 ಸೆಂಟಿಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ತಟ್ಟನೆ ಮುಂದಕ್ಕೆ ಚಿಮ್ಮಿದರೆ ಅದಕ್ಕೆ ‘ಡಾರ್ಟಿಂಗ್’ ಎಂದು ಹೆಸರಿಟ್ಟರು. ಕೊನೆಯ ಸುತ್ತುಗಳಲ್ಲಿ ಒಮ್ಮೆಯಾದರೂ ಹೀಗೆ ಚಿಮ್ಮಿದ್ದು ಡಾರ್ಟರ್. ಹೆಣ್ಣಿಲಿಗಳಲ್ಲಿ ಸುಮಾರು ಶೇಕಡಾ 40 ಈ ಗುಂಪಿಗೆ ಸೇರಿದವು, ಗಂಡಿಲಿಗಳಲ್ಲಿ ಸುಮಾರು ಶೇಕಡಾ 10. ಪೆಟ್ಟು ಕೊಡುವುದನ್ನು ನಿಲ್ಲಿಸಿ ಸ್ವರವನ್ನಷ್ಟೇ ಕೇಳಿಸುತ್ತ ಭಯ ಮರೆಸಿದ ಮೇಲೆ, ಆ ಪಾಠವನ್ನು ಮರುದಿನ ಹೆಚ್ಚು ಚೆನ್ನಾಗಿ ಉಳಿಸಿಕೊಂಡದ್ದೂ ಡಾರ್ಟರ್‌ಗಳೇ.

ಈ ಅಂಕಿಯನ್ನು ತಿರುಗಿಸಿಯೂ ಓದಬೇಕು. ಶೇಕಡಾ 60 ಹೆಣ್ಣಿಲಿಗಳು ಓಡಲಿಲ್ಲ, ಗಂಡಿನಂತೆಯೇ ಸ್ತಬ್ಧವಾದವು. ಹತ್ತರಲ್ಲೊಂದು ಗಂಡು ಹೆಣ್ಣಿನಂತೆ ಓಡಿತು. ‘ಹೆಣ್ಣು ಓಡುತ್ತದೆ, ಗಂಡು ನಿಲ್ಲುತ್ತದೆ’ ಎಂದು ತಲೆಬರಹ ಕೊಟ್ಟ ವರದಿಗಳು ಬಹುಸಂಖ್ಯಾತ ಹೆಣ್ಣಿಲಿಗಳನ್ನೇ ಕೈಬಿಟ್ಟಂತಾಯಿತು.

ಇಂಥ ವ್ಯತ್ಯಾಸವನ್ನು ಸಾಮಾನ್ಯ ಪ್ರಯೋಗ ಹಿಡಿಯಲಾರದು ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ನಡವಳಿಕೆಯ ಪ್ರಯೋಗಗಳಲ್ಲಿ ಒಂದು ಗುಂಪಿಗೆ 8 ಪ್ರಾಣಿ ಎಂಬುದು ತೀರ ಸಾಮಾನ್ಯ ಸಂಖ್ಯೆ. ಶೇಕಡಾ 40 ಮತ್ತು 10 ನಿಜವಾದ ಪ್ರಮಾಣಗಳಾಗಿದ್ದರೂ 8 ಹೆಣ್ಣಿನಲ್ಲಿ ಮೂರು, 8 ಗಂಡಿನಲ್ಲಿ ಒಂದು ಡಾರ್ಟರ್ ಸಿಗುತ್ತವೆ. ಮೂರಕ್ಕೂ ಒಂದಕ್ಕೂ ನಡುವಿನ ಅಂತರ ಆಕಸ್ಮಿಕವಲ್ಲವೆಂದು ಯಾವ ಸಂಖ್ಯಾಶಾಸ್ತ್ರವೂ ಹೇಳದು. ಶೇಕಡಾ 80 ಖಾತರಿಯಿಂದ ಈ ವ್ಯತ್ಯಾಸ ಕಾಣಬೇಕಾದರೆ ಪ್ರತಿ ಲಿಂಗದಲ್ಲಿ ಸುಮಾರು 32 ಪ್ರಾಣಿಗಳು ಬೇಕು. ಒಂದು ಔಷಧ ಹೆಣ್ಣಿನ ಮೇಲೆ ಬೇರೆ, ಗಂಡಿನ ಮೇಲೆ ಬೇರೆ ಪರಿಣಾಮ ಮಾಡುತ್ತದೆಯೇ ಎಂದು ಕೇಳಹೊರಟರೆ ಸಂಖ್ಯೆ ಇನ್ನೂ ಏರುತ್ತದೆ. ಅನುದಾನದ ನಿಯಮ ಪಾಲಿಸಲೆಂದು ಹಳೆಯ ಎಂಟನ್ನೇ ನಾಲ್ಕು ಗಂಡು, ನಾಲ್ಕು ಹೆಣ್ಣಾಗಿ ಒಡೆಯುವವರಿದ್ದಾರೆ. ಅದರಿಂದ ಲಿಂಗದ ಬಗ್ಗೆ ತಿಳಿಯುವುದು ಏನೂ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ವ್ಯಾಪಕ. ಗಂಡಿನಲ್ಲಿ ಪರಿಣಾಮ ‘ಸಾರ್ಥಕ’ವಾಗಿ, ಅಂದರೆ ಆಕಸ್ಮಿಕವಲ್ಲ ಎನ್ನುವ ಗೆರೆ ದಾಟುವಷ್ಟು ಬಂತು, ಹೆಣ್ಣಿನಲ್ಲಿ ಬರಲಿಲ್ಲ, ಆದ್ದರಿಂದ ಲಿಂಗಭೇದವಿದೆ ಎಂಬ ವಾದ ಅದು. ಎರಡನ್ನೂ ಒಂದಕ್ಕೊಂದು ನೇರವಾಗಿ ಹೋಲಿಸದೆ ಹೀಗೆ ಹೇಳುವಂತಿಲ್ಲ. ಒಂದು ಗುಂಪಿನಲ್ಲಿ ಗೆರೆಯ ಈಚೆ, ಇನ್ನೊಂದರಲ್ಲಿ ಗೆರೆಯ ಆಚೆ ಕೂದಲೆಳೆಯಷ್ಟು ಅಂತರದಲ್ಲಿ ಬಿದ್ದಿರಬಹುದು. 2021ರಲ್ಲಿ ಎಮೊರಿ ವಿಶ್ವವಿದ್ಯಾಲಯದ ಡೊನಾ ಮೇನಿ ಮತ್ತು ಸಹೋದ್ಯೋಗಿ ಜೀವವಿಜ್ಞಾನದ 147 ಪ್ರಬಂಧಗಳನ್ನು ಜಾಲಾಡಿದಾಗ, ಲಿಂಗಕ್ಕೆ ತಕ್ಕಂತೆ ಪರಿಣಾಮ ಬದಲಾಗುತ್ತದೆ ಎಂದು ಸಾರಿದ ಬಹುಪಾಲು ಲೇಖಕರು ಈ ನೇರ ಹೋಲಿಕೆಯನ್ನೇ ಮಾಡಿರಲಿಲ್ಲ.

ನಿಲ್ಲಬೇಕೋ ಓಡಬೇಕೋ: ನಿರ್ಧಾರ ಎಲ್ಲಿ?

ಕಿವಿಯಿಂದ ಬಂದ ಸ್ವರದ ಸುದ್ದಿ ಮತ್ತು ಚರ್ಮದಿಂದ ಬಂದ ನೋವಿನ ಸುದ್ದಿ ಕೂಡುವುದು ಕಿವಿಯ ನೇರಕ್ಕೆ ಮಿದುಳಿನ ಒಳಗಿರುವ ಅಮಿಗ್ಡಾಲಾದ ಪಾರ್ಶ್ವಭಾಗದಲ್ಲಿ. ಎರಡೂ ಕೂಡಿದಾಗ ಅಲ್ಲಿನ ಸಂಪರ್ಕಗಳು ಬಲಗೊಂಡು ‘ಈ ಸ್ವರ ಅಪಾಯ’ ಎಂಬ ನೆನಪು ಉಳಿಯುತ್ತದೆ. ಅಲ್ಲಿಂದ ಸುದ್ದಿ ಹೋಗುವುದು ಅಮಿಗ್ಡಾಲಾದ ಕೇಂದ್ರಭಾಗಕ್ಕೆ. ನಡೆ ಬೇರ್ಪಡುವುದು ಇಲ್ಲಿ. ಬಾಸೆಲ್‌ನ ಆಂಡ್ರಿಯಾಸ್ ಲೂಥಿ ಅವರ ಪ್ರಯೋಗಾಲಯದಲ್ಲಿ ಜೊನಾಥನ್ ಫಾಡೊಕ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಕೇಂದ್ರಭಾಗದಲ್ಲಿ ಎರಡು ಬಗೆಯ ನರಕೋಶಗಳು ಒಂದನ್ನೊಂದು ಅದುಮುತ್ತಿರುತ್ತವೆ. ಸೊಮ್ಯಾಟೊಸ್ಟಾಟಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳದು ಮೇಲುಗೈಯಾದರೆ ಸುಂಡಿಲಿ ಸ್ತಬ್ಧವಾಗುತ್ತದೆ. ಸಿಆರ್‌ಎಫ್ ಎಂಬ ಒತ್ತಡದ ರಾಸಾಯನಿಕ ತಯಾರಿಸುವ ಕೋಶಗಳದು ಮೇಲುಗೈಯಾದರೆ ಓಡುತ್ತದೆ, ನೆಗೆಯುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ, ಒಂದು ಇಳಿದರೆ ಇನ್ನೊಂದು ಏರಲೇಬೇಕು. ಸಣ್ಣ ಭಾರವೂ ಫಲಿತಾಂಶವನ್ನು ಪೂರ್ತಿ ತಿರುಗಿಸಬಲ್ಲದು ಎಂಬುದು ಈ ರಚನೆಯ ಮುಖ್ಯ ಗುಣ. ಮುಂದೆ ಲಿಂಗದ ಮಾತು ಬಂದಾಗ ಇದನ್ನು ನೆನಪಿಡಬೇಕು.

ಅಲ್ಲಿಂದ ಕೆಳಕ್ಕೆ, ನಡುಮಿದುಳಿನಲ್ಲಿ ದ್ರವ ಹರಿಯುವ ಕಿರುಗಾಲುವೆಯ ಸುತ್ತ ಬೂದು ಬಣ್ಣದ ಅಂಗಾಂಶವಿದೆ. ಇದರ ಉದ್ದ ಹೆಸರು ಪೆರಿಅಕ್ವಿಡಕ್ಟಲ್ ಗ್ರೇ, ಎಲ್ಲರೂ ಪಿಎಜಿ ಎನ್ನುತ್ತಾರೆ. ಇದರ ಮೇಲ್ಭಾಗವನ್ನು ಕೆರಳಿಸಿದರೆ ಪ್ರಾಣಿ ಓಡುತ್ತದೆ, ಕೆಳಪಾರ್ಶ್ವವನ್ನು ಕೆರಳಿಸಿದರೆ ಸ್ತಬ್ಧವಾಗುತ್ತದೆ. ಸ್ತಬ್ಧತೆಯ ದಾರಿ 2016ರಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸಿಕೊಂಡಿತು. ಅಮಿಗ್ಡಾಲಾದ ಕೇಂದ್ರಭಾಗದಿಂದ ಬರುವುದು ತಡೆಯುವ ಸಂದೇಶ. ಅದು ಪಿಎಜಿಯ ಕೆಳಪಾರ್ಶ್ವದಲ್ಲಿ ಸದಾ ತಡೆಯೊಡ್ಡುತ್ತಿರುವ ಕೋಶಗಳನ್ನೇ ಸುಮ್ಮನಾಗಿಸುತ್ತದೆ. ತಡೆ ತೆಗೆದ ಕೂಡಲೇ ಅಲ್ಲಿನ ಪ್ರಚೋದಕ ಕೋಶಗಳು ಎದ್ದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾದ ಚಲನಾ ಕೇಂದ್ರಕ್ಕೆ ಆಜ್ಞೆ ಕಳಿಸುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಸ್ತಬ್ಧತೆ ಎಂದರೆ ಚಲನೆ ಇಲ್ಲದಿರುವುದಷ್ಟೇ ಅಲ್ಲ, ಅದಕ್ಕೂ ಮಿದುಳು ದುಡಿಯಬೇಕು ಎಂಬುದು ಈ ದಾರಿ ನೋಡಿದರೆ ಸ್ಪಷ್ಟ.

ಓಟದ ದಾರಿ ಬೇರೆ. ತಲೆಯ ಮೇಲೆ ಹದ್ದಿನ ನೆರಳಿನಂತೆ ಬೇಗ ಹಿಗ್ಗುವ ಕಪ್ಪು ವೃತ್ತವನ್ನು ಪರದೆಯಲ್ಲಿ ತೋರಿಸಿದರೆ ಸುಂಡಿಲಿ ಗೂಡಿಗೆ ಓಡುತ್ತದೆ, ಕೆಲವೊಮ್ಮೆ ಇದ್ದಲ್ಲೇ ಸ್ತಬ್ಧವಾಗುತ್ತದೆ. ಇದಕ್ಕೆ ಕಲಿಕೆ ಬೇಕಿಲ್ಲ. ಲಂಡನ್‌ನ ಟಿಯಾಗೊ ಬ್ರಾಂಕೊ ಅವರ ತಂಡ 2018ರಲ್ಲಿ ತೋರಿಸಿದ್ದು ಇದರ ಒಳಗಿನ ಲೆಕ್ಕ: ಕಣ್ಣಿನಿಂದ ಸುದ್ದಿ ಪಡೆಯುವ ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಅಪಾಯದ ಅಂದಾಜನ್ನು ಕೂಡಿಸುತ್ತ ಹೋಗುತ್ತದೆ, ಪಿಎಜಿಯ ಮೇಲ್ಭಾಗಕ್ಕೆ ಅದರಿಂದ ಹೋಗುವ ಸಂಪರ್ಕ ದುರ್ಬಲವಾದದ್ದು. ಹೀಗಾಗಿ ಸಣ್ಣಪುಟ್ಟ ಸುಳಿವುಗಳು ಅಲ್ಲೇ ಸೋಸಿಹೋಗುತ್ತವೆ. ಸಂದೇಶ ಒಂದು ಹೊಸ್ತಿಲು ದಾಟಿದರೆ ಮಾತ್ರ ಓಟ ಶುರು. ಇನ್ನು ಹಾರ್ಮೋನು, ಸಹಜ ಪ್ರವೃತ್ತಿಗಳನ್ನು ನಿಯಂತ್ರಿಸುವ ಹೈಪೊಥಲಾಮಸ್‌ನ ವಿಎಂಎಚ್ ಎಂಬ ಭಾಗದ ಮೇಲ್ಬದಿ ಬೇಟೆಗಾರ ಪ್ರಾಣಿಯ ಭಯಕ್ಕೆ ಮೀಸಲು. ಅದರ ಕೋಶಗಳ ಒಂದು ಕವಲು ಹೈಪೊಥಲಾಮಸ್‌ನ ಮುಂಭಾಗಕ್ಕೆ ಹೋಗಿ ಓಡಿಸುತ್ತದೆ, ಅದೇ ಕೋಶಗಳ ಇನ್ನೊಂದು ಕವಲು ಪಿಎಜಿಗೆ ಹೋಗಿ ನಿಲ್ಲಿಸುತ್ತದೆ. ಮಿದುಳಿನ ಮುಂಭಾಗವೂ ಸುಮ್ಮನಿರುವುದಿಲ್ಲ. ಫಾಡೊಕ್ ಅವರ ಈಗಿನ ತಂಡ 2024ರಲ್ಲಿ, ಹಣೆಯ ಹಿಂಭಾಗದ ತೊಗಟೆಯ ಒಂದು ಮೂಲೆಯಿಂದ ಅಮಿಗ್ಡಾಲಾದ ಕೇಂದ್ರಕ್ಕೆ ನೇರವಾಗಿ ಹೋಗುವ ದಾರಿ ಓಟವನ್ನು ಹೆಚ್ಚಿಸುತ್ತದೆ ಎಂದು ವರದಿ ಮಾಡಿತು.

ಇಷ್ಟು ವಿವರಗಳಲ್ಲಿ ಎಲ್ಲಿಯೂ ‘ಹೆಣ್ಣಿನ ನರಜಾಲ’, ‘ಗಂಡಿನ ನರಜಾಲ’ ಎಂದು ಬೇರೆಬೇರೆ ಬರಲಿಲ್ಲ ಎಂಬುದನ್ನು ಗಮನಿಸಿ. ತಂತಿಗಳು ಎರಡರಲ್ಲೂ ಅವೇ. ಭೇದವಿದ್ದರೆ ಹೊಸ್ತಿಲಿನ ಎತ್ತರದಲ್ಲಿ, ರಾಸಾಯನಿಕಗಳ ಬಲದಲ್ಲಿ, ಒಮ್ಮೆ ಎದ್ದ ಎಚ್ಚರ ಎಷ್ಟು ಬೇಗ ತಣಿಯುತ್ತದೆ ಎಂಬುದರಲ್ಲಿ ಇರಬೇಕು. ಈವರೆಗೆ ಗಟ್ಟಿಯಾಗಿ ಸಿಕ್ಕಿರುವ ಪುರಾವೆಗಳೂ ಆ ಕಡೆಯೇ ಬೊಟ್ಟು ಮಾಡುತ್ತವೆ.

ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿಕೊಂಡಿರುವುದು ಲೋಕಸ್ ಸೆರುಲಿಯಸ್‌ನ ಕಥೆ. ಮಿದುಳುಕಾಂಡದಲ್ಲಿರುವ ನರಕೋಶಗಳ ಈ ಪುಟ್ಟ ಗುಂಪು ಇಡೀ ಮಿದುಳಿಗೆ ನಾರ್‌ಅಡ್ರಿನಲಿನ್ ಹಂಚಿ ಎಚ್ಚರ ಮೂಡಿಸುತ್ತದೆ. ಒತ್ತಡವಾದಾಗ ಸಿಆರ್‌ಎಫ್ ಬಂದು ಇದನ್ನು ಕೆರಳಿಸುತ್ತದೆ. ಡೆಬ್ರಾ ಬ್ಯಾಂಗಾಸರ್, ರೀಟಾ ವ್ಯಾಲೆಂಟಿನೊ ಮತ್ತು ಸಹೋದ್ಯೋಗಿಗಳು 2010ರಲ್ಲಿ ಇಲಿಗಳಲ್ಲಿ ಕಂಡದ್ದು ಹೀಗಿದೆ. ಹೆಣ್ಣಿನಲ್ಲಿ ಸಿಆರ್‌ಎಫ್ ಗ್ರಾಹಕವು, ಅಂದರೆ ಕೋಶದ ಮೇಲ್ಮೈಯಲ್ಲಿ ಸಿಆರ್‌ಎಫ್ ಅನ್ನು ಹಿಡಿಯುವ ಪ್ರೋಟೀನು, ಕೋಶದೊಳಗಿನ ಪ್ರಚೋದಕ ಪ್ರೋಟೀನಿಗೆ ಹೆಚ್ಚು ಬಿಗಿಯಾಗಿ ಕೊಂಡಿ ಹಾಕಿಕೊಂಡಿರುತ್ತದೆ, ಆದ್ದರಿಂದ ಅಷ್ಟೇ ಸಿಆರ್‌ಎಫ್‌ಗೆ ಹೆಚ್ಚು ಪ್ರತಿಕ್ರಿಯೆ. ಒತ್ತಡವಾದ ಮೇಲೆ ಗಂಡಿನಲ್ಲಿ ಬೀಟಾ-ಅರೆಸ್ಟಿನ್ ಎಂಬ ಇನ್ನೊಂದು ಪ್ರೋಟೀನು ಗ್ರಾಹಕವನ್ನು ಹಿಡಿದು ಕೋಶದ ಮೇಲ್ಮೈಯಿಂದ ಒಳಕ್ಕೆಳೆದುಕೊಳ್ಳುತ್ತದೆ. ಮುಂದಿನ ಸಿಆರ್‌ಎಫ್ ಬಂದಾಗ ಹಿಡಿಯಲು ಗ್ರಾಹಕಗಳೇ ಕಡಿಮೆ. ಹೆಣ್ಣಿನಲ್ಲಿ ಈ ಎಳೆದುಕೊಳ್ಳುವಿಕೆ ನಡೆಯಲಿಲ್ಲ, ಗ್ರಾಹಕಗಳು ಮೇಲ್ಮೈಯಲ್ಲೇ ಉಳಿದವು. ಗ್ರಾಹಕ ಅದೇ, ಜಾಗ ಅದೇ, ರಾಸಾಯನಿಕವೂ ಅದೇ, ಆದರೂ ಒತ್ತಡ ಮುಗಿದ ಮೇಲಿನ ಎಚ್ಚರ ಬೇರೆ.

ಎರಡನೆಯದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರಯನ್ ಟ್ರೇನರ್ ಅವರ ತಂಡದ್ದು. ಸಾಮಾನ್ಯ ಪ್ರಯೋಗಾಲಯದ ಹೆಣ್ಣು ಸುಂಡಿಲಿಯ ಮೇಲೆ ಬೇರೆ ಸುಂಡಿಲಿಗಳು ಎರಗುವುದು ಕಡಿಮೆ. ಹೀಗಾಗಿ ಸೋಲಿನ ಒತ್ತಡದ ಪ್ರಯೋಗಗಳೆಲ್ಲ ಗಂಡಿಗೇ ಮೀಸಲಾಗಿದ್ದವು. ಕ್ಯಾಲಿಫೋರ್ನಿಯಾ ಸುಂಡಿಲಿ ಎಂಬ ಕಾಡು ಜಾತಿಯಲ್ಲಿ ಗಂಡು ಹೆಣ್ಣು ಎರಡೂ ತಮ್ಮ ಜಾಗಕ್ಕಾಗಿ ಕಾದಾಡುತ್ತವೆ, ಎರಡನ್ನೂ ಒಂದೇ ಬಗೆಯ ಸೋಲಿಗೆ ಒಡ್ಡಬಹುದು. ಮೂರು ಸಲ ಸೋತ ಹೆಣ್ಣುಗಳು ವಾರಗಳ ನಂತರವೂ ಅಪರಿಚಿತ ಸುಂಡಿಲಿಯಿಂದ ದೂರವೇ ಉಳಿದು, ಕಣ್ಣು ಮಾತ್ರ ಅದರ ಮೇಲಿಡುತ್ತಿದ್ದವು. ಇದಕ್ಕೆ ಕಾರಣವಾದದ್ದು ಬಿಎನ್‌ಎಸ್‌ಟಿ ಎಂಬ, ಅಮಿಗ್ಡಾಲಾಕ್ಕೆ ಅಂಟಿಕೊಂಡಂತಿರುವ ಭಾಗದಲ್ಲಿ ತಯಾರಾಗುವ ಆಕ್ಸಿಟೋಸಿನ್. ಪತ್ರಿಕೆಗಳು ‘ಪ್ರೀತಿಯ ಹಾರ್ಮೋನ್’ ಎಂದು ಮುದ್ದಿಸುವ ಅದೇ ಆಕ್ಸಿಟೋಸಿನ್! 2020ರಲ್ಲಿ ಈ ತಂಡ ಬಿಎನ್‌ಎಸ್‌ಟಿಯಲ್ಲಿ ಅದರ ತಯಾರಿಕೆಯನ್ನು ತಗ್ಗಿಸಿದಾಗ ಸೋತ ಹೆಣ್ಣುಗಳ ಆ ಕಾವಲುಗಣ್ಣು ಸಡಿಲವಾಯಿತು.

ಮೂರನೆಯದು ಚಲನೆಯ ಮೂಲ ಮಟ್ಟ. ಹೆಣ್ಣಿಲಿ ಈಸ್ಟ್ರೊಜನ್ ಏರಿದ ರಾತ್ರಿ ಗೂಡಿನಲ್ಲಿಟ್ಟ ಓಟದ ಚಕ್ರದಲ್ಲಿ ಹೆಚ್ಚು ಓಡುತ್ತದೆ, ಅದು ನಾಲ್ಕೈದು ದಿನಕ್ಕೊಮ್ಮೆ ಮರುಕಳಿಸುತ್ತದೆ ಎಂಬುದು 1923ರಿಂದಲೇ ಗೊತ್ತು. ವಿಎಂಎಚ್‌ನ ಕೆಳಬದಿಯಲ್ಲಿ ಈಸ್ಟ್ರೊಜನ್‌ಗೆ ಸ್ಪಂದಿಸುವ ಕೋಶಗಳು ಈ ಚಟುವಟಿಕೆಯ ಹಿಂದಿವೆ ಎಂದು ಹೋಲಿ ಇಂಗ್ರಹಾಂ ಅವರ ತಂಡ 2021ರಲ್ಲಿ ಸುಂಡಿಲಿಗಳಲ್ಲಿ ವಿವರಿಸಿತು. ಹಾಗಾದರೆ ಡಾರ್ಟಿಂಗ್ ಭಯದ ಭಾಷೆಯೋ, ಹೆಚ್ಚು ಚುರುಕಾದ ಪ್ರಾಣಿಯ ಸಹಜ ಚಡಪಡಿಕೆಯೋ?

ತಕರಾರು

ಲಾಸ್ ಏಂಜಲೀಸ್‌ನ ಮೈಕೆಲ್ ಫ್ಯಾನ್ಸೆಲೊ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಸ್ತಬ್ಧತೆಯನ್ನು ಅಳೆಯುತ್ತಿರುವವರು. ಅವರ ತಂಡ 2022ರಲ್ಲಿ ಸುಂಡಿಲಿಗಳಲ್ಲಿ ಒಂದು ಚೊಕ್ಕ ತಪಾಸಣೆ ಮಾಡಿತು. ಗದ್ದಲದ ಶಬ್ದವನ್ನು ಪೆಟ್ಟಿನ ಜೊತೆ ಒಮ್ಮೆಯೂ ಜೋಡಿಸಲಿಲ್ಲ, ಆದರೆ ಪೆಟ್ಟುಗಳನ್ನು ಮಾತ್ರ ಕೊಟ್ಟಿತು. ಆಮೇಲೆ ಆ ಶಬ್ದ ಕೇಳಿಸಿದರೂ ಸುಂಡಿಲಿಗಳು ಚಿಮ್ಮಿದವು. ಅಂದರೆ ಓಟದ ಬಹುಪಾಲು ‘ಈ ಶಬ್ದ ಬಂದರೆ ಪೆಟ್ಟು’ ಎಂಬ ಕಲಿಕೆಯಿಂದ ಬಂದದ್ದಲ್ಲ. ಪೆಟ್ಟು ತಿಂದು ಒಟ್ಟಾರೆ ಬೆಚ್ಚಿರುವ ಪ್ರಾಣಿ, ಹಠಾತ್ತನೆ ಬದಲಾದ ಯಾವ ಸದ್ದಿಗೂ ಬೆದರಿ ಹಾರಬಹುದು. ಅವರ ಪ್ರಕಾರ ಕಲಿತ ಭಯದ ನಿಜವಾದ ಗುರುತು ಈಗಲೂ ಸ್ತಬ್ಧತೆಯೇ.

ಈ ತಕರಾರಿನಲ್ಲಿ ಹುರುಳಿದೆ. ಆದರೂ ಅದು ಶಾನ್ಸ್ಕಿ ಅವರ ಕೆಲಸವನ್ನು ಬೀಳಿಸುವುದಿಲ್ಲ. ಅವರದು ದೊಡ್ಡ ಇಲಿ, ಒಂದೇ ಸ್ವರ. ಇವರದು ಸುಂಡಿಲಿ, ಗದ್ದಲದ ಶಬ್ದ. ಗದ್ದಲದ ಶಬ್ದ ಪೆಟ್ಟಿಲ್ಲದೆಯೂ ಸುಂಡಿಲಿಯನ್ನು ಬೆಚ್ಚಿಸುವಂಥದ್ದು. ಎರಡು ಪ್ರಾಣಿ, ಎರಡು ಶಬ್ದಗಳ ಫಲಿತಾಂಶವನ್ನು ಒಂದರ ಮೇಲೊಂದು ಹೇರುವಾಗ ಎಚ್ಚರ ಬೇಕು. ನಮ್ಮ ಅಂದಾಜಿನಲ್ಲಿ ಡಾರ್ಟಿಂಗ್ ಕಲಿತದ್ದೋ ಅಲ್ಲವೋ ಎಂಬುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಅದು ನಡೆಯುತ್ತಿದ್ದರೆ ಸ್ತಬ್ಧತೆಯ ಅಂಕಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಸ್ತಬ್ಧತೆಯೊಂದನ್ನೇ ಅಳೆದು ಹೆಣ್ಣು ಗಂಡನ್ನು ಹೋಲಿಸಿದ ಹಳೆಯ ಅಂಕಿಗಳನ್ನೆಲ್ಲ ಮತ್ತೆ ವಿಡಿಯೊ ನೋಡಿ ಪರೀಕ್ಷಿಸಬೇಕು. ಇದನ್ನು ಫ್ಯಾನ್ಸೆಲೊ ಪಕ್ಷದವರೂ ಅಲ್ಲಗಳೆಯಲಾರರು.

ಪರೀಕ್ಷಿಸುವಾಗ ಎಡವುವ ಜಾಗಗಳು ಹಲವು. ಒಂದೇ ವಯಸ್ಸಿನ ಗಂಡಿಲಿ ಹೆಣ್ಣಿಗಿಂತ ಸಾಕಷ್ಟು ದಪ್ಪ. ಚಿತ್ರಬಿಂದುಗಳ ಬದಲಾವಣೆ ಎಣಿಸುವ ಸಾಫ್ಟ್‌ವೇರಿಗೆ ದೊಡ್ಡ ದೇಹದ ಸಣ್ಣ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಮಿತಿಯನ್ನು ಪ್ರತಿ ಲಿಂಗಕ್ಕೂ ಕಣ್ಣಳತೆಯ ಎಣಿಕೆಯ ಜೊತೆ ತಾಳೆ ನೋಡಬೇಕು. ಪೆಟ್ಟಿಗೆ ತೀರ ಚಿಕ್ಕದಾದರೆ ಓಡಲು ಜಾಗವೇ ಇರುವುದಿಲ್ಲ, ಎಲ್ಲ ಪ್ರಾಣಿಯೂ ಸ್ತಬ್ಧವೆಂದೇ ಬರುತ್ತದೆ. ಚಿಮ್ಮುವಿಕೆ ಕ್ಷಣಮಾತ್ರದ್ದು; ಸೆಕೆಂಡಿಗೆ ಎರಡು ಮೂರು ಚೌಕಟ್ಟು ಮಾತ್ರ ಉಳಿಸಿಕೊಂಡ ಹಳೆಯ ವಿಡಿಯೊದಲ್ಲಿ ಅದು ಸಿಗದು. ಪೆಟ್ಟು ತಾಗಿದ ಕ್ಷಣದ ವೇಗವನ್ನೂ ಬರೆದಿಡಬೇಕು, ಇಲ್ಲವಾದರೆ ನೋವು ಹೆಚ್ಚಾದ್ದರಿಂದ ಓಡಿತೋ ಭಯದಿಂದ ಓಡಿತೋ ಬೇರ್ಪಡಿಸಲಾಗದು. ನೋವನ್ನು ತಗ್ಗಿಸುವ ಓಪಿಯಾಯ್ಡ್ ಗ್ರಾಹಕಗಳು ಪಿಎಜಿಯಲ್ಲಿ ಗಂಡಿಲಿಗಳಿಗೆ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಪ್ರಯೋಗ ಮಾಡುವವರು ಯಾರು ಎಂಬುದೂ ಮುಖ್ಯ: ಗಂಡಸರ ಮೈವಾಸನೆಯೇ ಇಲಿ, ಸುಂಡಿಲಿಗಳಲ್ಲಿ ಒತ್ತಡ ಏರಿಸಿ ನೋವಿನ ಪ್ರತಿಕ್ರಿಯೆ ತಗ್ಗಿಸುತ್ತದೆ ಎಂದು ಮಾಂಟ್ರಿಯಲ್‌ನ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ತೋರಿಸಿದ ಮೇಲೆ, ಅಧ್ಯಯನದ ನಡುವೆ ಸಹಾಯಕರನ್ನು ಬದಲಿಸುವುದು ಅಪಾಯಕರ.

ಹೆಣ್ಣಿನ ಋತುಚಕ್ರ ಅಂಕಿಗಳನ್ನು ಕಲಸುತ್ತದೆ, ಅದಕ್ಕೇ ಗಂಡು ಬಳಸುತ್ತೇವೆ ಎಂಬ ಹಳೆಯ ಸಬೂಬು ಮಾತ್ರ ನಿಲ್ಲುವುದಿಲ್ಲ. 2014ರಲ್ಲಿ 293 ಪ್ರಬಂಧಗಳ ಅಂಕಿ ಕಲೆಹಾಕಿ ನೋಡಿದಾಗ, ಚಕ್ರದ ಯಾವ ಹಂತದಲ್ಲಿದೆ ಎಂದು ನೋಡದೆ ಬಳಸಿದ ಹೆಣ್ಣು ಸುಂಡಿಲಿಗಳ ಏರಿಳಿತ ಗಂಡಿಗಿಂತ ಹೆಚ್ಚಿರಲಿಲ್ಲ. ಹಾರ್ವರ್ಡ್‌ನಲ್ಲಿ 2023ರಲ್ಲಿ ಮುಕ್ತ ಓಡಾಟವನ್ನು ಅಳೆದಾಗ ಗಂಡುಗಳೇ ಹೆಚ್ಚು ಚಂಚಲವಾಗಿ ಕಂಡವು. ಪ್ರಶ್ನೆಯೇ ಹಾರ್ಮೋನಿನದಾದರೆ, ಉದಾಹರಣೆಗೆ ಭಯ ಮರೆಯುವ ಪಾಠ ಈಸ್ಟ್ರೊಜನ್ ಏರಿದ ಹಂತದಲ್ಲಿ ಹೆಚ್ಚು ನಿಲ್ಲುತ್ತದೆಯೇ ಎಂಬಂಥದ್ದಾದರೆ, ಆಗ ಪ್ರತಿದಿನ ಯೋನಿಸ್ರಾವದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಂತ ಗುರುತಿಸಬೇಕು. ಹೆಣ್ಣನ್ನು ಹೀಗೆ ದಿನವೂ ಹಿಡಿದೆತ್ತುವುದರಿಂದ ಗಂಡನ್ನೂ ಅಷ್ಟೇ ಸಲ ಎತ್ತಿ ಇಳಿಸಬೇಕು.

ಮನುಷ್ಯರಿಗೆ ಬಂದಾಗ

ಮನುಷ್ಯರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ಓಡಿ ಎನ್ನಲಾಗದು. 2007ರಲ್ಲಿ ಡೀನ್ ಮಾಬ್ಸ್ ಮತ್ತು ಸಂಗಡಿಗರು ಕಂಪ್ಯೂಟರ್ ಆಟವೊಂದನ್ನು ಹೂಡಿದರು: ಪರದೆಯ ಮೇಲೆ ಬೆನ್ನಟ್ಟುವ ಬೇಟೆಗಾರ, ಸಿಕ್ಕಿಬಿದ್ದರೆ ಕೈಗೆ ನಿಜವಾದ ಪೆಟ್ಟು. ಬೇಟೆಗಾರ ದೂರವಿದ್ದಾಗ ಹಣೆಯ ಹಿಂದಿನ ಯೋಚಿಸುವ ಭಾಗ ಚುರುಕಾಗಿತ್ತು. ಹತ್ತಿರ ಬಂದಂತೆ ಕೆಲಸ ಪಿಎಜಿಗೆ ಜಾರಿತು. ಇಲಿಯಲ್ಲಿರುವ ಕೊಂಡಿ ನಮ್ಮಲ್ಲೂ ಇದೆ ಎಂಬಷ್ಟು ಇದರಿಂದ ಖಚಿತ. ಹೆಣ್ಣು ಗಂಡಿನ ಅಮಿಗ್ಡಾಲಾ ಗಾತ್ರದ ಭೇದವೆಂದು ಆಗಾಗ ಹೇಳುವುದು ಮಾತ್ರ ಖಚಿತವಲ್ಲ. 2017ರ ಒಟ್ಟು ಪರಿಶೀಲನೆಯಲ್ಲಿ ಗಂಡಸರ ಅಮಿಗ್ಡಾಲಾ ಸುಮಾರು ಶೇಕಡಾ 10 ದೊಡ್ಡದಾಗಿ ಕಂಡರೂ ತಲೆಯ ಗಾತ್ರಕ್ಕೆ ಸರಿಹೊಂದಿಸಿದಾಗ ಆ ಅಂತರ ಉಳಿಯಲಿಲ್ಲ.

ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಹೆಂಗಸರಲ್ಲಿ ದುಪ್ಪಟ್ಟು. ಅಮೆರಿಕದ 1995ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೀವಮಾನದ ಪ್ರಮಾಣ ಹೆಂಗಸರಲ್ಲಿ ಶೇಕಡಾ 10.4, ಗಂಡಸರಲ್ಲಿ 5.0. ಲೈಂಗಿಕ ಹಿಂಸೆಗೆ ಒಳಗಾಗುವವರಲ್ಲಿ ಹೆಂಗಸರು ಹೆಚ್ಚೆಂಬುದು ಇದರ ಒಂದು ಪಾಲನ್ನು ವಿವರಿಸುತ್ತದೆ, ಪೂರ್ತಿಯನ್ನಲ್ಲ. ಮಿಕ್ಕದ್ದಕ್ಕೆ ಸಿಆರ್‌ಎಫ್ ಗ್ರಾಹಕ ಒಳ್ಳೆಯ ಅಭ್ಯರ್ಥಿಯಂತೆ ಕಂಡಿತ್ತು. ಆ ಗ್ರಾಹಕವನ್ನು ಮುಚ್ಚುವ ಔಷಧವನ್ನು ಪಿಟಿಎಸ್‌ಡಿ ಇರುವ 128 ಹೆಂಗಸರಲ್ಲಿ ಆರು ವಾರ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ರಾತ್ರಿಗೆ 350 ಮಿಲಿಗ್ರಾಂ ಕೊಟ್ಟರೂ ಸಕ್ಕರೆ ಗುಳಿಗೆಗಿಂತ ಅದು ಹೆಚ್ಚು ಗುಣ ತೋರಲಿಲ್ಲ. ಇಲಿಯ ಗ್ರಾಹಕದಿಂದ ಆಸ್ಪತ್ರೆಯ ಗುಳಿಗೆಗೆ ನೇರ ದಾರಿ ಇಲ್ಲ ಎಂಬುದನ್ನು ಈ ಕ್ಷೇತ್ರ ದುಬಾರಿ ಬೆಲೆ ಕೊಟ್ಟು ಕಲಿತಿದೆ.

ಓದುಗರು ಕೇಳಬಹುದು: ಹೆಣ್ಣಿಲಿ ಓಡುವುದಾದರೆ, ಅತ್ಯಾಚಾರಕ್ಕೊಳಗಾದ ಹೆಂಗಸರು ‘ಕೈಕಾಲೇ ಆಡಲಿಲ್ಲ’ ಎನ್ನುವುದೇಕೆ? ಏಕೆಂದರೆ ಇವು ಅಪಾಯದ ಬೇರೆಬೇರೆ ಹಂತಗಳು. ಸ್ವರ ಕೇಳಿದ ಇಲಿಯ ಸ್ತಬ್ಧತೆ ಎಚ್ಚರದ್ದು; ಸ್ನಾಯು ಬಿಗಿದಿರುತ್ತದೆ, ಹೃದಯ ಬಡಿತ ತಗ್ಗಿರುತ್ತದೆ, ಮರುಕ್ಷಣ ಓಡಬಲ್ಲದು. ಕೋಪದ ಮುಖಗಳ ಚಿತ್ರ ತೋರಿಸಿದಾಗ ಮನುಷ್ಯರ ದೇಹದ ತೂಗಾಟ ಕಡಿಮೆಯಾಗಿ ಬಡಿತ ನಿಧಾನವಾಗುವುದನ್ನು ನೆದರ್ಲೆಂಡ್ಸ್‌ನ ಕರಿನ್ ರೂಲೊಫ್ಸ್ 2010ರಲ್ಲಿ ಅಳೆದರು. ಅದೂ ಈ ಬಗೆಯದೇ. ಹಿಡಿತಕ್ಕೆ ಸಿಕ್ಕ ಮೇಲೆ ಬರುವ ಜಡತೆ ಬೇರೆ, ಅದಕ್ಕೆ ಟಾನಿಕ್ ಇಮ್ಮೊಬಿಲಿಟಿ ಎಂದು ಹೆಸರು. ಕೋಳಿಯನ್ನು ನೆಲಕ್ಕೆ ಒತ್ತಿ ಹಿಡಿದು ಕೈ ಬಿಟ್ಟರೂ ಅದು ಹಾಗೇ ಬಿದ್ದಿರುವುದನ್ನು 1646ರಲ್ಲೇ ದಾಖಲಿಸಿದ್ದಾರೆ. ಓಡುವ, ಕಾದಾಡುವ ದಾರಿಗಳೆಲ್ಲ ಮುಚ್ಚಿದಾಗ, ಮೈ ಮೇಲೆ ಹಿಡಿತವಿದ್ದಾಗ ಇದು ಬರುತ್ತದೆ, ಗಂಡಿಗೂ ಬರುತ್ತದೆ. ಸ್ಟಾಕ್‌ಹೋಮ್‌ನ ಅತ್ಯಾಚಾರ ಸಂತ್ರಸ್ತರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರಲ್ಲಿ ಶೇಕಡಾ 70 ಮಂದಿ ಗಣನೀಯ ಮಟ್ಟದ, ಶೇಕಡಾ 48 ಮಂದಿ ತೀವ್ರ ಮಟ್ಟದ ಇಂಥ ಜಡತೆಯನ್ನು ವರದಿ ಮಾಡಿದರು. ಆರು ತಿಂಗಳ ನಂತರ ಪಿಟಿಎಸ್‌ಡಿ ಹೆಚ್ಚು ಕಂಡದ್ದೂ ಇವರಲ್ಲೇ. 2017ರ ಈ ಅಧ್ಯಯನ ಹೆಂಗಸರನ್ನಷ್ಟೇ ನೋಡಿತು, ಹಾಗಾಗಿ ಲಿಂಗಭೇದದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೂ ಹಾಗೆ ಉಲ್ಲೇಖಿಸುವವರು ಸಾಕಷ್ಟು.

ಭಾರತದ ನ್ಯಾಯಾಲಯಗಳಿಗೆ ಇದು ಹೊಸ ಪ್ರಶ್ನೆಯಲ್ಲ. ಠಾಣೆಯಲ್ಲಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ 1979ರ ತುಕಾರಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಲಕಿಯ ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ ಎಂಬುದನ್ನು ಎತ್ತಿ ಹಿಡಿದು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ದೇಶದಾದ್ಯಂತ ಎದ್ದ ಪ್ರತಿಭಟನೆ 1983ರ ಕಾನೂನು ತಿದ್ದುಪಡಿಗೆ ಕಾರಣವಾಯಿತು. 2013ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆಂದು ಭಾವಿಸುವಂತಿಲ್ಲ ಎಂದು ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದೇ ಮಾತಿದೆ. ಆದರೂ ‘ನಿಜವಾದ ಸಂತ್ರಸ್ತೆ ಹೇಗೆ ನಡೆದುಕೊಳ್ಳಬೇಕು’ ಎಂಬ ಕಲ್ಪನೆ ಆದೇಶಗಳಲ್ಲಿ ಇಣುಕುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಒಂದು ಜಾಮೀನು ಆದೇಶ, ಘಟನೆಯ ನಂತರ ದೂರುದಾರೆ ನಿದ್ದೆ ಹೋದದ್ದು ಭಾರತೀಯ ನಾರಿಗೆ ತಕ್ಕುದಲ್ಲ ಎಂದಿತ್ತು. ಟೀಕೆ ಬಂದ ಮೇಲೆ ಆ ಸಾಲನ್ನು ಕಡತದಿಂದ ತೆಗೆದರು.

ಇಂಥ ಕಡೆ ನರವಿಜ್ಞಾನದ ಸಾಕ್ಷ್ಯ ಎಷ್ಟು ದೂರ ಬರಬಹುದು? ಲಂಡನ್‌ನ ಎಬಾನಿ ಧವನ್ ಮತ್ತು ಪ್ಯಾಟ್ರಿಕ್ ಹ್ಯಾಗಾರ್ಡ್ 2023ರಲ್ಲಿ ಬರೆದ ಲೇಖನದ ವಾದ ಮಿತವಾದದ್ದು: ಬೆದರಿಕೆಯೆದುರು ಇಚ್ಛಾಪೂರ್ವಕ ಚಲನೆಯ ಮೇಲಿನ ಹಿಡಿತ ತಪ್ಪಬಹುದು, ಆದ್ದರಿಂದ ಅಲ್ಲಾಡದಿರುವುದನ್ನು ಸಮ್ಮತಿ ಎಂದು ಓದಬಾರದು. ಸಾಕ್ಷಿಕಟ್ಟೆ ಹತ್ತುವ ತಜ್ಞರು ಇಷ್ಟನ್ನು ಧೈರ್ಯವಾಗಿ ಹೇಳಬಹುದು. ‘ಈ ಹೆಣ್ಣುಮಗಳಿಗೆ ಅಂದು ಟಾನಿಕ್ ಇಮ್ಮೊಬಿಲಿಟಿ ಆಗಿತ್ತು’ ಎಂದು ಯಾವ ಸ್ಕ್ಯಾನ್ ನೋಡಿಯೂ ಹೇಳಲಾಗದು. ‘ಹೆಂಗಸರೆಂದರೆ ಸ್ತಬ್ಧವಾಗುವವರೇ’ ಎಂದು ಹೇಳುವುದಂತೂ ಕೂಡದು. ಹಾಗೆಂದ ಮರುಕ್ಷಣ ಎದುರು ಪಕ್ಷದ ವಕೀಲರು ಕಿರುಚಿ, ಕಚ್ಚಿ, ಓಡಿದ ಇನ್ನೊಬ್ಬ ದೂರುದಾರೆಯನ್ನು ಮುಂದಿಟ್ಟು ‘ಹಾಗಾದರೆ ಈಕೆ?’ ಎಂದು ಕೇಳುತ್ತಾರೆ. ಹೇಳಿಕೆ ದಾಖಲಿಸಿಕೊಳ್ಳುವ ಪೊಲೀಸರಿಗೂ ವೈದ್ಯರಿಗೂ ಇದರಿಂದ ಸಿಗುವ ಕೆಲಸದ ಸುಳಿವು ಒಂದಿದೆ. ‘ಯಾಕೆ ಕೂಗಲಿಲ್ಲ?’ ಎಂದು ಕೇಳುವ ಬದಲು ‘ಆ ಹೊತ್ತಿನಲ್ಲಿ ಮೈ ಹೇಗಿತ್ತು, ಕೈಕಾಲು ಆಡಿಸಲು ಆಗುತ್ತಿತ್ತೇ, ಧ್ವನಿ ಬರುತ್ತಿತ್ತೇ, ಮತ್ತೆ ಯಾವಾಗ ಅಲ್ಲಾಡಲು ಸಾಧ್ಯವಾಯಿತು?’ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ದೂರುದಾರ ಗಂಡಸಾದರೂ ಪ್ರಶ್ನೆಗಳು ಇವೇ.